ಬೋಡಕ್‌ದೇವ್‌ನಲ್ಲಿ ಹ್ಯಾಮಿಲ್ಟನ್ ಪಾರ್ಟಿ

ಅಹಮದಾಬಾದಿಗೆ ಬಂದ ಹೊಸದರಲ್ಲಿ ನನ್ನನ್ನು ಗಲಿಬಿಲಿಗೊಳಿಸಿದ್ದು ಯಾವ ಗುಜರಾತಿ ಪದವೂ ಅಲ್ಲ, ‘ಪಾರ್ಟಿ’. ಬೋಡಕ್‌ದೇವ್‌ನಲ್ಲಿ ನಾವು ಮೊದಲು ಬಾಡಿಗೆಗಿದ್ದ ಮನೆಯ ಮಾಲೀಕರು ಜವಳಿ ವ್ಯಾಪಾರಿ. ಸೂರತ್ ಪಾರ್ಟಿ ಬಂದಿದೆ, ಮುಂಬೈ ಪಾರ್ಟಿ ಇನ್ನೂ ದುಡ್ಡು ಕಳಿಸಿಲ್ಲ, ಈ ಪಾರ್ಟಿ ನಂಬಿಕಸ್ಥ ಎಂದು ದಿನವಿಡೀ ಫೋನಿನಲ್ಲಿ ಮಾತು. ಇವರಿಗೆ ಇಷ್ಟೊಂದು ರಾಜಕೀಯ ಸಂಪರ್ಕವೇ ಎಂದು ಒಂದೆರಡು ತಿಂಗಳು ಅವರೆದುರು ತೂಕ ಮಾಡಿ ಮಾತಾಡುತ್ತಿದ್ದೆ. ಇಲ್ಲಿ ಪಾರ್ಟಿ ಎಂದರೆ ಗಿರಾಕಿ ಎಂದು ಗೊತ್ತಾದದ್ದು ಆಮೇಲೆ. ನನ್ನ ವಿದ್ಯಾರ್ಥಿಗಳಿಗೋ ಪಾರ್ಟಿ ಎಂದರೆ ಸಿಂಧು ಭವನ್ ರಸ್ತೆಯ ಕೆಫೆಯಲ್ಲಿ ಹುಟ್ಟುಹಬ್ಬ.

ನಮ್ಮ ಮದ್ದೂರು ಸೀಮೆಯಲ್ಲಿ ಪಾರ್ಟಿ ಎಂದರೆ ಎರಡೂ ಅಲ್ಲ. ‘ಊರಲ್ಲಿ ಎರಡು ಪಾರ್ಟಿ ಆಗವೆ’ ಎಂದರೆ ದೇವರ ಉತ್ಸವ ಎರಡು ಸಲ ಆಗುತ್ತದೆ, ಒಬ್ಬರ ಮದುವೆಗೆ ಇನ್ನೊಬ್ಬರು ಹೋಗುವುದಿಲ್ಲ, ಹಾಲಿನ ಡೇರಿಯ ಮುಂದೆ ಕ್ಯಾನ್ ಹಿಡಿದು ನಿಂತವರು ಮುಖ ಮುಖ ನೋಡುವುದಿಲ್ಲ ಎಂದರ್ಥ. ಹನ್ನೊಂದು ವರ್ಷದಿಂದ ಇಲ್ಲಿ ಇತಿಹಾಸ ಪಾಠ ಮಾಡುತ್ತಿರುವ ನನಗೆ, ಅಮೆರಿಕದ ಮೊದಲ ರಾಜಕೀಯ ಪಕ್ಷಗಳು ಹುಟ್ಟಿದ ಬಗೆಯನ್ನು ವಿವರಿಸುವಾಗ ನೆರವಿಗೆ ಬರುವುದು ಈ ಮೂರನೆಯ ಅರ್ಥ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಸಂವಿಧಾನ ಬರೆದವರು ‘ಪಾರ್ಟಿ’ ಎಂದಾಗ ಅವರ ಮನಸ್ಸಿನಲ್ಲಿದ್ದದ್ದೂ ಹೆಚ್ಚುಕಡಿಮೆ ನಮ್ಮೂರಿನ ಅರ್ಥವೇ. ಅದೊಂದು ರೋಗ, ತಗುಲದಂತೆ ನೋಡಿಕೊಳ್ಳಬೇಕು.

ನನ್ನ ಕ್ಲಾಸಿನಲ್ಲಿ ಈ ವರ್ಷ ಹದಿನೆಂಟು ಮಕ್ಕಳು. ಹೆಚ್ಚಿನವರು ಮುಂದೆ ಅಮೆರಿಕಕ್ಕೆ ಓದಲು ಹೋಗುವವರು. ಮೇ ತಿಂಗಳಲ್ಲಿ ಬರೆಯಬೇಕಾದ ಎ.ಪಿ. ಪರೀಕ್ಷೆಗೆ ಅಮೆರಿಕದ ಇತಿಹಾಸ ತೆಗೆದುಕೊಂಡಿದ್ದಾರೆ. ಒಬ್ಬೊಬ್ಬರಿಗೂ ನ್ಯೂಜೆರ್ಸಿಯಲ್ಲೋ ಟೆಕ್ಸಾಸ್‌ನಲ್ಲೋ ಒಬ್ಬ ಕಾಕಾ, ಒಬ್ಬ ಮಾಮಾ. ಅಲ್ಲಿನ ಇವತ್ತಿನ ರಾಜಕೀಯ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ತೊಂದರೆ ಶುರುವಾಗುವುದೂ ಅಲ್ಲೇ. ಜೆಫರ್ಸನ್ ಕಡೆಯವರು ತಮ್ಮನ್ನು ರಿಪಬ್ಲಿಕನ್ನರು ಎಂದು ಕರೆದುಕೊಳ್ಳುತ್ತಿದ್ದರು, ಆದರೆ ಅವರಿಂದ ಬೆಳೆದು ಬಂದದ್ದು ಇವತ್ತಿನ ಡೆಮಾಕ್ರಟಿಕ್ ಪಕ್ಷ. ಇವತ್ತಿನ ರಿಪಬ್ಲಿಕನ್ ಪಕ್ಷ ಹುಟ್ಟಿದ್ದು 1854ರಲ್ಲಿ. ಇಷ್ಟು ಹೇಳುವುದರಲ್ಲಿ ಒಂದು ಪೀರಿಯಡ್ ಮುಗಿಯುತ್ತದೆ. ಇನ್ನೊಂದು ಪೀರಿಯಡ್ ‘ಫೆಡರಲಿಸ್ಟ್’ ಎಂಬ ಹೆಸರಿಗೆ. ನಮ್ಮ ಮಕ್ಕಳು ಪೌರನೀತಿಯಲ್ಲಿ ಓದಿದ ಪ್ರಕಾರ ಫೆಡರಲ್ ಎಂದರೆ ರಾಜ್ಯಗಳ ಹಕ್ಕು. ಅಲ್ಲಿ ಫೆಡರಲಿಸ್ಟರು ಎಂದರೆ ಕೇಂದ್ರ ಗಟ್ಟಿಯಾಗಿರಬೇಕು ಎಂದವರು! ರಾಜ್ಯಗಳ ಪರ ಇದ್ದವರನ್ನು ‘ಆಂಟಿ’ ಎಂದು ಕರೆದುಬಿಟ್ಟರು. ಹೆಸರಿಡುವುದರಲ್ಲೇ ಅರ್ಧ ಜಗಳ ಗೆದ್ದಿದ್ದರು ಎನ್ನಿ.

ಪಾಠದ ಮೊದಲ ದಿನ ಎರಡನೇ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಸರ್, ವಾಷಿಂಗ್ಟನ್ ಪಾರ್ಟಿ ಬೇಡ ಅಂದರು, ಮ್ಯಾಡಿಸನ್ ಬೇಡ ಅಂದರು, ಜೆಫರ್ಸನ್ ಬೇಡ ಅಂದರು. ಹಾಗಾದರೆ ಪಾರ್ಟಿ ಮಾಡಿದವರು ಯಾರು?”

ಬೇಡ ಎಂದವರೇ ಮಾಡಿದರು. ಇದನ್ನು ಹೇಗೆ ಅರ್ಥ ಮಾಡಿಸುವುದು? ಪಠ್ಯಪುಸ್ತಕದಲ್ಲಿ ಎರಡು ಕಾಲಂ ಇರುತ್ತದೆ. ಎಡಗಡೆ ಹ್ಯಾಮಿಲ್ಟನ್: ಬ್ಯಾಂಕು, ವ್ಯಾಪಾರ, ಇಂಗ್ಲೆಂಡ್. ಬಲಗಡೆ ಜೆಫರ್ಸನ್: ಬೇಸಾಯ, ರಾಜ್ಯಗಳು, ಫ್ರಾನ್ಸ್. ಬಾಯಿಪಾಠ ಮಾಡಿ ಬರೆದರೆ ಅಂಕ ಬರುತ್ತದೆ. ಆದರೆ ಸ್ನೇಹಿತರಾಗಿದ್ದವರು ಒಂದು ದಿನ ಎರಡು ಕಾಲಮ್ಮುಗಳಲ್ಲಿ ಹೋಗಿ ನಿಂತದ್ದು ಹೇಗೆ ಎಂಬುದು ಅದರಲ್ಲಿ ಬರುವುದಿಲ್ಲ. ಹ್ಯಾಮಿಲ್ಟನ್ ಮತ್ತು ಮ್ಯಾಡಿಸನ್ 1787–88ರಲ್ಲಿ ಹೊಸ ಸಂವಿಧಾನದ ಪರವಾಗಿ ಜಾನ್ ಜೇ ಜೊತೆ ಸೇರಿ 85 ಲೇಖನ ಬರೆದವರು. ಗುಂಪುಗಾರಿಕೆ ದೇಶಕ್ಕೆ ಅಪಾಯ ಎಂಬ ಪ್ರಸಿದ್ಧ ಹತ್ತನೆಯ ಲೇಖನ ಮ್ಯಾಡಿಸನ್‌ರದ್ದು. ಮೂರೇ ವರ್ಷದಲ್ಲಿ ಅವರಿಬ್ಬರು ಎದುರಾಳಿಗಳು.

ನಾನು ಬೋರ್ಡಿನ ಮೇಲೆ ಒಂದು ಅಪಾರ್ಟ್‌ಮೆಂಟ್ ಬರೆದೆ. ಎ ಬ್ಲಾಕ್, ಬಿ ಬ್ಲಾಕ್. ಲಿಫ್ಟ್ ರಿಪೇರಿಗೆ ಎರಡೂ ಬ್ಲಾಕಿನವರು ಬೇರೆ ಬೇರೆ ಸಾಲ ಮಾಡಿದ್ದರು. ಎ ಬ್ಲಾಕಿನವರು ಕಷ್ಟಪಟ್ಟು ಬಹುಪಾಲು ತೀರಿಸಿದ್ದಾರೆ. ಬಿ ಬ್ಲಾಕಿನವರು ತೀರಿಸಿಲ್ಲ. ಈಗ ಸೊಸೈಟಿಯ ಹೊಸ ಖಜಾಂಚಿ ಹೇಳುತ್ತಾರೆ: ಎಲ್ಲ ಸಾಲವನ್ನೂ ಸೊಸೈಟಿಯೇ ವಹಿಸಿಕೊಳ್ಳಲಿ, ಎಲ್ಲರೂ ಸೇರಿ ತೀರಿಸೋಣ, ಆಗ ಬ್ಯಾಂಕಿನವರಿಗೆ ನಮ್ಮ ಮೇಲೆ ನಂಬಿಕೆ ಬರುತ್ತದೆ.

ಜಡ್ಜಸ್ ಬಂಗ್ಲೋ ರಸ್ತೆಯ ಆಚೀಚೆ ಇಂಥ ಸೊಸೈಟಿಗಳಲ್ಲೇ ಹುಟ್ಟಿ ಬೆಳೆದ ಮಕ್ಕಳು. ಅರ್ಧ ನಿಮಿಷದಲ್ಲಿ ಕ್ಲಾಸು ಎರಡು ಭಾಗವಾಯಿತು. “ಅವರ ಸಾಲ ನಾವ್ಯಾಕೆ ಕಟ್ಟಬೇಕು?” ಎಂದು ಒಂದು ಕಡೆ. “ಸೊಸೈಟಿಯ ಹೆಸರು ಹಾಳಾದರೆ ನಿಮ್ಮ ಫ್ಲ್ಯಾಟಿನ ಬೆಲೆಯೂ ಬೀಳುತ್ತೆ” ಎಂದು ಇನ್ನೊಂದು ಕಡೆ. 1790ರ ಜನವರಿಯಲ್ಲಿ ಹಣಕಾಸು ಕಾರ್ಯದರ್ಶಿ ಹ್ಯಾಮಿಲ್ಟನ್ ಮುಂದಿಟ್ಟದ್ದು ಇದೇ ಯೋಜನೆ. ಸ್ವಾತಂತ್ರ್ಯ ಯುದ್ಧಕ್ಕೆ ರಾಜ್ಯಗಳು ಮಾಡಿದ ಸಾಲ ಸುಮಾರು 2.5 ಕೋಟಿ ಡಾಲರ್. ಅದನ್ನು ಕೇಂದ್ರ ವಹಿಸಿಕೊಳ್ಳಬೇಕು. ಮ್ಯಾಸಚೂಸೆಟ್ಸ್‌ನ ಸಾಲ ಹಾಗೇ ಉಳಿದಿತ್ತು, ಖುಷಿಯಾಯಿತು. ವರ್ಜೀನಿಯಾ ತನ್ನ ಸಾಲದ ದೊಡ್ಡ ಭಾಗ ತೀರಿಸಿತ್ತು, ಸಿಟ್ಟಾಯಿತು. ಮ್ಯಾಡಿಸನ್, ಜೆಫರ್ಸನ್ ಇಬ್ಬರೂ ವರ್ಜೀನಿಯಾದವರು. (ನಾವು ಕಟ್ಟಿದ ತೆರಿಗೆಯಲ್ಲಿ ನಮಗೆಷ್ಟು ವಾಪಸ್ ಬಂತು ಎಂದು ಲೆಕ್ಕ ಹಾಕುವ ಕನ್ನಡಿಗ ಓದುಗರಿಗೆ ಈ ಸಿಟ್ಟನ್ನು ನಾನು ಬಿಡಿಸಿ ಹೇಳಬೇಕಿಲ್ಲ.)

ಅದರ ಜೊತೆ ಸೈನಿಕರ ಪ್ರಶ್ನೆ. ಯುದ್ಧದಲ್ಲಿ ಸಂಬಳದ ಬದಲು ಚೀಟಿ ಪಡೆದಿದ್ದ ಸೈನಿಕರು ಹೊಟ್ಟೆಪಾಡಿಗೆ ಅವನ್ನು ಸಿಕ್ಕ ಬೆಲೆಗೆ ಮಾರಿಕೊಂಡಿದ್ದರು. ಈಗ ಚೀಟಿ ಯಾರ ಕೈಯಲ್ಲಿದೆಯೋ ಅವರಿಗೆ ಪೂರ್ತಿ ಹಣ ಎಂದರು ಹ್ಯಾಮಿಲ್ಟನ್. ಮೂಲ ಸೈನಿಕನಿಗೂ ಪಾಲು ಕೊಡಿ ಎಂದ ಮ್ಯಾಡಿಸನ್ ಸೋತರು. ಇದನ್ನು ಹೇಳುವಾಗ ಮಕ್ಕಳ ಕಣ್ಣಲ್ಲಿ ನೀರು ಬರಬಹುದು ಅಂದುಕೊಂಡಿದ್ದೆ. ಹಿಂದಿನ ಬೆಂಚಿನ ಹುಡುಗ ಹೇಳಿದ್ದು: “ಇದರಲ್ಲಿ ತಪ್ಪೇನಿದೆ ಸರ್? ರಿಸ್ಕ್ ತಗೊಂಡವರಿಗೆ ಲಾಭ. ಷೇರ್ ಬಜಾರ್ ಇರೋದೇ ಹಾಗೆ.” ಗುಜರಾತಿನಲ್ಲಿ ಹ್ಯಾಮಿಲ್ಟನ್‌ಗೆ ಅಭಿಮಾನಿಗಳ ಕೊರತೆಯಿಲ್ಲ.

ಸಾಲದ ಜಗಳ ಒಂದು ಊಟದಲ್ಲಿ ತೀರಿತು. 1790ರ ಜೂನ್‌ನಲ್ಲಿ ಜೆಫರ್ಸನ್ ತಮ್ಮ ಮನೆಯಲ್ಲಿ ಇಬ್ಬರನ್ನೂ ಕೂರಿಸಿ ಊಟ ಹಾಕಿದರು. ಸಾಲದ ಯೋಜನೆಗೆ ಅಡ್ಡಿ ಇಲ್ಲ, ಬದಲಿಗೆ ರಾಜಧಾನಿ ದಕ್ಷಿಣಕ್ಕೆ, ಪೊಟೊಮ್ಯಾಕ್ ನದಿಯ ದಂಡೆಗೆ ಬರಲಿ ಎಂದು ಒಪ್ಪಂದ. ಇಂದಿನ ವಾಷಿಂಗ್ಟನ್ ನಗರ ಆ ಊಟದ ಬಿಲ್ಲು. ಆದರೆ ಮರುವರ್ಷ ರಾಷ್ಟ್ರೀಯ ಬ್ಯಾಂಕಿನ ಜಗಳ ಬಂತು, ಅದು ಊಟಕ್ಕೆ ಬಗ್ಗಲಿಲ್ಲ. ಹ್ಯಾಮಿಲ್ಟನ್ ಪರ ಒಂದು ಪತ್ರಿಕೆ ಇತ್ತು. 1791ರ ಅಕ್ಟೋಬರ್‌ನಲ್ಲಿ ಎದುರು ಪತ್ರಿಕೆ ಶುರುವಾಯಿತು. ಅದರ ಸಂಪಾದಕ ಫಿಲಿಪ್ ಫ್ರೆನೋ ಎಂಬ ಕವಿಗೆ ಜೆಫರ್ಸನ್ ತಮ್ಮ ವಿದೇಶಾಂಗ ಕಚೇರಿಯಲ್ಲೇ ವರ್ಷಕ್ಕೆ 250 ಡಾಲರಿನ ಅನುವಾದಕನ ಕೆಲಸ ಕೊಟ್ಟಿದ್ದರು. ಸರ್ಕಾರದ ಸಂಬಳ, ಸರ್ಕಾರಕ್ಕೇ ಬೈಗುಳ. 1792ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಇಬ್ಬರಿಗೂ ಪತ್ರ ಬರೆದು, ಸ್ವಲ್ಪ ತಾಳಿಕೊಳ್ಳಿ ಎಂದು ಬೇಡಿಕೊಂಡರು. ಇಬ್ಬರೂ ಸೆಪ್ಟೆಂಬರ್ 9ರಂದು, ಒಂದೇ ದಿನ, ಉತ್ತರ ಬರೆದರು. ತಪ್ಪೆಲ್ಲ ಅವರದೇ, ನನ್ನದೇನಿಲ್ಲ ಎಂದು!

ಇದನ್ನು ಓದುವಾಗ ನನಗೆ ಪ್ರತಿ ಸಲ ನಮ್ಮಪ್ಪ ಮತ್ತು ದೊಡ್ಡಪ್ಪ ನೆನಪಾಗುತ್ತಾರೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಕಾನೂನಿನ ಪ್ರಕಾರ ಹಳ್ಳಿಯಲ್ಲಿ ಪಾರ್ಟಿಯೇ ಇರಬಾರದು. ಉದ್ದೇಶ ಫಿಲಡೆಲ್ಫಿಯಾದವರಷ್ಟೇ ಒಳ್ಳೆಯದು. 1993ರ ಕೊನೆಯಲ್ಲಿ ಹೊಸ ಕಾಯ್ದೆಯ ಕೆಳಗೆ ಮೊದಲ ಪಂಚಾಯಿತಿ ಎಲೆಕ್ಷನ್ ಆದಾಗ ನಾನು ಪ್ರೈಮರಿ ಶಾಲೆಯ ಹುಡುಗ. ನಾಲೆಯ ನೀರಿನ ಸರದಿ ವಿಚಾರಕ್ಕೆ ಅಣ್ಣತಮ್ಮಂದಿರಲ್ಲಿ ಮಾತು ಬಂದಿತ್ತು. ಎಲೆಕ್ಷನ್ನಿನಲ್ಲಿ ಒಬ್ಬರ ಎದುರು ಇನ್ನೊಬ್ಬರು ನಿಂತರು. ಅಪ್ಪ ಸೋತರು. ಅವತ್ತಿನಿಂದ ಎರಡೂ ಮನೆಯ ನಡುವಿನ ಗೋಡೆಯಲ್ಲಿದ್ದ ಬಾಗಿಲಿಗೆ ಇಟ್ಟಿಗೆ ಕಟ್ಟಿದರು. ದೊಡ್ಡಮ್ಮ ತೀರಿಕೊಂಡಾಗ ಅಪ್ಪ ಮಣ್ಣಿಗೆ ಹೋದರು, ಮಾತಾಡದೆ ಬಂದರು.

ಇರಲಿ, ಕ್ಲಾಸಿಗೆ ಬರುತ್ತೇನೆ. ನಾನು ಮಕ್ಕಳನ್ನು ಹಾಜರಿ ಸಂಖ್ಯೆಯ ಮೇಲೆ ಹಂಚಿದ್ದೆ: ಬೆಸ ಸಂಖ್ಯೆಯವರು ಹ್ಯಾಮಿಲ್ಟನ್ ಪಾರ್ಟಿ, ಸಮ ಸಂಖ್ಯೆಯವರು ಜೆಫರ್ಸನ್ ಪಾರ್ಟಿ. ಮೂರು ವಾರ ಚೆನ್ನಾಗಿಯೇ ನಡೆಯಿತು. ಪೋಸ್ಟರ್ ಅಂಟಿಸಿದರು, ಎರಡು ಪತ್ರಿಕೆ ತಂದರು. ಫ್ರಾನ್ಸ್‌ನ ಕ್ರಾಂತಿಗೆ ಅಮೆರಿಕ ಬೆಂಬಲ ಕೊಡಬೇಕೇ ಎಂಬ ಚರ್ಚೆ ಬಂದ ದಿನ, ಆ ಎರಡನೇ ಬೆಂಚಿನ ಹುಡುಗಿ ಫ್ರಾನ್ಸ್ ಪರ ಜೋರಾಗಿ ಮಾತಾಡಿದಳು. ಹ್ಯಾಮಿಲ್ಟನ್ ಪಾರ್ಟಿಯ ಹುಡುಗ, ಅವಳ ಪಕ್ಕದ ಸೊಸೈಟಿಯವನು, ಒಂದನೇ ಕ್ಲಾಸಿನಿಂದ ಜೊತೆಗೆ ಓದಿದವನು, ಎದ್ದು ನಿಂತು “ಹಾಗಾದರೆ ಫ್ರಾನ್ಸ್‌ಗೇ ಹೋಗು, ದ್ರೋಹಿ” ಎಂದ. ಎಲ್ಲರೂ ನಕ್ಕರು. ಆಮೇಲೆ ನಗು ನಿಂತಿತು. ಅವನ ದನಿಯಲ್ಲಿ ನಾಟಕ ಇರಲಿಲ್ಲ ಎಂದು ಎಲ್ಲರಿಗೂ ಗೊತ್ತಾಗಿತ್ತು. ಅವಳು ಕೂತಳು. ಆ ವಾರ ಪೂರ್ತಿ ಮಾತಾಡಲಿಲ್ಲ.

ಮರುದಿನ ಒಬ್ಬ ತಂದೆಯ ಫೋನ್ ಬಂತು. ಮರ್ಯಾದೆಯಿಂದಲೇ ಹೇಳಿದರು, “ಸರ್, ಹಿಸ್ಟರಿ ಮಾಡಿ, ಪಾಲಿಟಿಕ್ಸ್ ಬೇಡ.” ಸಂಜೆ ನನ್ನಿಂದ ಪಾಠದ ಯೋಜನೆಯ ಪ್ರತಿ ಕೇಳಲಾಯಿತು. ಕೊಟ್ಟೆ. ಹೊರರಾಜ್ಯದಲ್ಲಿ ಕೆಲಸ ಮಾಡುವವರಿಗೆ ಗೊತ್ತು, ಇಂಥ ಹೊತ್ತಿನಲ್ಲಿ ಮನಸ್ಸು ಮೊದಲು ಹುಡುಕುವುದು ತಲೆ ತಗ್ಗಿಸುವ ದಾರಿಯನ್ನೇ. ನಮ್ಮ ಊರಲ್ಲ, ನಮ್ಮ ಭಾಷೆಯಲ್ಲ, ಮನೆಯ ಇಎಂಐ ಇದೆ. ಎರಡು ಕಾಲಮ್ಮಿನ ಪಟ್ಟಿ ಬರೆಸಿ ಮುಗಿಸಿಬಿಡೋಣ ಎಂದು ಒಂದು ರಾತ್ರಿ ಯೋಚಿಸಿದ್ದು ನಿಜ. ಆದರೆ ಆ ಹುಡುಗಿ ಬಾಯಿ ಮುಚ್ಚಿ ಕೂತಿರುವ ಕ್ಲಾಸಿನಲ್ಲಿ ಪಕ್ಷಗಳ ಹುಟ್ಟಿನ ಪಾಠ ಮುಗಿಯಿತು ಎಂದು ಬರೆದುಕೊಳ್ಳಲು ಮನಸ್ಸಾಗಲಿಲ್ಲ. ಅವಳಿಗೆ ಆದದ್ದೇ ಮುಂದಿನ ಪಾಠವಾಗಿತ್ತು.

ಏಕೆಂದರೆ ‘ದ್ರೋಹಿ’ ಎಂದವನು ನಮ್ಮ ಹುಡುಗ ಮೊದಲಿಗನಲ್ಲ. 1798ರಲ್ಲಿ ಫ್ರಾನ್ಸ್ ಜೊತೆ ಯುದ್ಧದ ಭಯ ಬಂದಾಗ ಫೆಡರಲಿಸ್ಟರು ರಾಜದ್ರೋಹದ ಕಾಯ್ದೆ ತಂದರು. ಅಧ್ಯಕ್ಷರ ವಿರುದ್ಧ, ಕಾಂಗ್ರೆಸ್ಸಿನ ವಿರುದ್ಧ ದುರುದ್ದೇಶದ ಸುಳ್ಳು ಬರೆದರೆ ಎರಡು ವರ್ಷದವರೆಗೆ ಜೈಲು, 2000 ಡಾಲರ್‌ವರೆಗೆ ದಂಡ. ಉಪಾಧ್ಯಕ್ಷರ ವಿರುದ್ಧ ಏನು ಬೇಕಾದರೂ ಬರೆಯಬಹುದಿತ್ತು! ಆಗಿನ ನಿಯಮದಂತೆ ಎರಡನೇ ಸ್ಥಾನ ಬಂದವರು ಉಪಾಧ್ಯಕ್ಷರು; ಆ ಕುರ್ಚಿಯಲ್ಲಿದ್ದವರು ಜೆಫರ್ಸನ್. ವರ್ಮಾಂಟ್‌ನ ಸಂಸದ ಮ್ಯಾಥ್ಯೂ ಲಯನ್ ಅಧ್ಯಕ್ಷ ಆ್ಯಡಮ್ಸ್‌ರನ್ನು ಟೀಕಿಸಿ ನಾಲ್ಕು ತಿಂಗಳು ಜೈಲಿಗೆ ಹೋದರು, ಜೈಲಿನಿಂದಲೇ ನಿಂತು ಮತ್ತೆ ಗೆದ್ದರು. ಅಲ್ಲಿಯವರೆಗೆ ಎರಡೂ ಕಡೆಯವರಿಗೆ ತಾವೇ ದೇಶ, ಎದುರಿನವರು ಗುಂಪು. ‘ನಾನು ಪಾರ್ಟಿ ಮಾಡ್ತಿಲ್ಲ, ಅವನು ಪಾರ್ಟಿ ಮಾಡ್ತಾನೆ’ ಎಂಬುದು ನಮ್ಮೂರಿನ ಅರಳಿಕಟ್ಟೆಯ ಮಾತೂ ಹೌದು.

ಅಮೆರಿಕ ದೂರ. ಹಾಗಾಗಿ ಮಕ್ಕಳನ್ನು ಹತ್ತಿರದ ಊರಿಗೆ ಕರೆದುಕೊಂಡು ಬಂದೆ, ಸೂರತ್‌ಗೆ. ಒಂದೇ ಸಂಸ್ಥೆಯಲ್ಲಿದ್ದ ದೇಶಭಕ್ತರು ಎರಡಾದದ್ದು ಇಲ್ಲಿಂದ ರೈಲಿನಲ್ಲಿ ಮೂರ್ನಾಲ್ಕು ಗಂಟೆ ದೂರದಲ್ಲಿ. 1907ರ ಕಾಂಗ್ರೆಸ್ ಅಧಿವೇಶನ ನಾಗಪುರದಲ್ಲಿ ಆಗಬೇಕಿತ್ತು. ಅಲ್ಲಿ ತಿಲಕರ ಕಡೆಯವರ ಬಲ ಜಾಸ್ತಿ ಎಂದು ಫಿರೋಜ್‌ಶಾ ಮೆಹ್ತಾ ಬಣ ಸೂರತ್‌ಗೆ ಬದಲಾಯಿಸಿತು. ಅಧ್ಯಕ್ಷರು ಅಧಿವೇಶನ ನಡೆಯುವ ಪ್ರಾಂತದವರಾಗಿರಬಾರದು ಎಂಬ ರೂಢಿಯಿತ್ತು. ಸೂರತ್ ಮುಂಬೈ ಪ್ರಾಂತದಲ್ಲಿದ್ದುದರಿಂದ ತಿಲಕರ ಹೆಸರು ತಾನಾಗಿ ಬಿತ್ತು. ಹಿಂದಿನ ವರ್ಷ ಕಲ್ಕತ್ತದಲ್ಲಿ ಒಪ್ಪಿದ್ದ ಸ್ವರಾಜ್ಯ, ಬಹಿಷ್ಕಾರದ ಠರಾವುಗಳನ್ನು ತೆಳುಮಾಡುತ್ತಾರೆ ಎಂಬ ಗುಮಾನಿ ಬೇರೆ. ಡಿಸೆಂಬರ್ 26ರಂದು ಗದ್ದಲದಲ್ಲಿ ಸಭೆ ನಿಂತಿತು. 27ರಂದು ರಾಸ್‌ಬಿಹಾರಿ ಘೋಷ್ ಅಧ್ಯಕ್ಷ ಪೀಠದಲ್ಲಿ ಕೂತಾಗ ತಿಲಕರು ವೇದಿಕೆ ಹತ್ತಿ, ತಿದ್ದುಪಡಿ ಮಂಡಿಸದೆ ಇಳಿಯುವುದಿಲ್ಲ ಎಂದು ಕೈಕಟ್ಟಿ ನಿಂತರು. ಆಗ ಸಭೆಯೊಳಗಿಂದ ಒಂದು ಮರಾಠಿ ಜೋಡು ಹಾರಿ ಬಂತು. ಕೆಂಪು ಚರ್ಮ, ಅಟ್ಟೆಗೆ ಸೀಸ ಬಡಿದದ್ದು. ಸುರೇಂದ್ರನಾಥ ಬ್ಯಾನರ್ಜಿಯವರ ಕೆನ್ನೆಗೆ ತಾಗಿ ಮೆಹ್ತಾ ಅವರಿಗೂ ಬಡಿಯಿತು. ಇಂಗ್ಲಿಷ್ ಪತ್ರಕರ್ತ ಹೆನ್ರಿ ನೆವಿನ್ಸನ್ ಕಣ್ಣಾರೆ ಕಂಡು ಬರೆದಿಟ್ಟಿದ್ದಾರೆ. ಆಮೇಲೆ ಕುರ್ಚಿ, ಬಡಿಗೆ, ಕೊನೆಗೆ ಪೊಲೀಸರು.

ಸೂರತ್‌ನಲ್ಲಿ ಅಜ್ಜಿಮನೆ ಇರುವ ಹುಡುಗ ನಂಬಲಿಲ್ಲ. “ನಮ್ಮ ಸೂರತ್‌ನಲ್ಲಾ ಸರ್? ಊಟಕ್ಕೆ ಮಾತ್ರ ಫೇಮಸ್ ಅಂದುಕೊಂಡಿದ್ದೆ.” ಮಂದಗಾಮಿ, ತೀವ್ರಗಾಮಿ ಎಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಹೆಸರುಗಳಿವೆಯಲ್ಲ, ತಿಲಕರ ಕಡೆಯವರು ತಮ್ಮನ್ನು ಕರೆದುಕೊಂಡದ್ದು ರಾಷ್ಟ್ರೀಯ ಪಕ್ಷ ಎಂದು. ನಮ್ಮ ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆ ಆ ಕಡೆಯವರೇ.

ಹೋಲಿಕೆಯನ್ನು ತೀರಾ ಎಳೆಯಬಾರದು ಎಂದು ಮಕ್ಕಳಿಗೂ ಹೇಳಿದೆ. ಹ್ಯಾಮಿಲ್ಟನ್, ಜೆಫರ್ಸನ್ ಜಗಳವಾಡಿದ್ದು ತಮ್ಮದೇ ಸರ್ಕಾರದ ಬಗ್ಗೆ. ಸೂರತ್‌ನಲ್ಲಿ ಸರ್ಕಾರ ಬೇರೆಯವರದು. ಎರಡು ಬಣ ಒಡೆದರೆ ಲಾಭ ಮೂರನೆಯವರಿಗೆ. ಏಳೇ ತಿಂಗಳಲ್ಲಿ, 1908ರ ಜುಲೈನಲ್ಲಿ, ತಿಲಕರಿಗೆ ರಾಜದ್ರೋಹದ 124ಎ ಕಲಮಿನಡಿ ಆರು ವರ್ಷ ಶಿಕ್ಷೆಯಾಗಿ ಮಂಡಾಲೆಗೆ ಹೋದರು. ಎರಡು ಬಣ ಮತ್ತೆ ಕೂಡಿದ್ದು 1916ರ ಲಖನೌನಲ್ಲಿ. ಅಷ್ಟರಲ್ಲಿ ಗೋಖಲೆ, ಮೆಹ್ತಾ ಇಬ್ಬರೂ 1915ರಲ್ಲೇ ತೀರಿಕೊಂಡಿದ್ದರು. ಅದೇ 124ಎ ಮತ್ತೆ ನಮ್ಮ ಅಹಮದಾಬಾದಿಗೇ ಬಂತು: 1922ರ ಮಾರ್ಚ್ 18ರಂದು ಶಾಹಿಬಾಗ್‌ನ ಸರ್ಕಿಟ್ ಹೌಸ್‌ನಲ್ಲಿ ನ್ಯಾಯಾಧೀಶ ಬ್ರೂಮ್‌ಫೀಲ್ಡ್ ತಿಲಕರ ಶಿಕ್ಷೆಯನ್ನು ನೆನೆದು ಗಾಂಧೀಜಿಗೂ ಆರು ವರ್ಷ ಕೊಟ್ಟರು. ಇದು ಹಿಸ್ಟರಿಯೋ ಪಾಲಿಟಿಕ್ಸೋ ಎಂದು ನಾನು ಮಕ್ಕಳನ್ನೇ ಕೇಳಿದೆ. ಉತ್ತರ ಬರಲಿಲ್ಲ, ಆದರೆ ‘ದ್ರೋಹಿ’ ಎಂದಿದ್ದ ಹುಡುಗ ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಾ ತಲೆ ತಗ್ಗಿಸಿದ್ದ.

ಮೈಸೂರಿನ ಕಥೆಯನ್ನೂ ಎರಡು ಮಾತಿನಲ್ಲಿ ಹೇಳಿದೆ, ಹೇಳದಿದ್ದರೆ ನಾನು ಮದ್ದೂರಿನವನು ಹೇಗಾದೇನು! 1881ರಿಂದ ಪ್ರಜಾಪ್ರತಿನಿಧಿ ಸಭೆ ಇತ್ತು, ಪಕ್ಷ ಇರಲಿಲ್ಲ. 1917ರಲ್ಲಿ ಸರ್ಕಾರಿ ಕೆಲಸಗಳಲ್ಲಿ ನಮ್ಮವರೆಲ್ಲಿ ಎಂದು ಕೇಳುತ್ತ ಪ್ರಜಾಮಿತ್ರ ಮಂಡಳಿ ಬಂತು. ಆಮೇಲೆ ಪ್ರಜಾಪಕ್ಷ, 1934ರಲ್ಲಿ ಎರಡೂ ಸೇರಿ ಪ್ರಜಾಸಂಯುಕ್ತ ಪಕ್ಷ, 1937ರಲ್ಲಿ ಕಾಂಗ್ರೆಸ್ಸಿನೊಳಗೆ ವಿಲೀನ. ಪ್ರಜಾಪಕ್ಷದ ಕೆ.ಸಿ. ರೆಡ್ಡಿಯವರು 1947ರಲ್ಲಿ ಮೊದಲ ಮುಖ್ಯಮಂತ್ರಿ. ಅಲ್ಲೂ ಮೊದಲು ಕೇಳಿಬಂದದ್ದು ‘ಊರು ಒಡೀತಾರೆ’ ಎಂಬ ದೂರೇ. ನಮ್ಮ ದೇಶದ ಸಂವಿಧಾನದಲ್ಲಿ ರಾಜಕೀಯ ಪಕ್ಷದ ಮಾತು ಬಂದದ್ದು 1985ರಲ್ಲಿ, ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿಯ ಜೊತೆ. ಅಮೆರಿಕದ್ದರಲ್ಲಿ ಇವತ್ತಿಗೂ ಇಲ್ಲ.

ಮರುವಾರ ಪಾರ್ಟಿ ಅದಲುಬದಲು ಮಾಡಿದೆ. ಬೆಸ ಸಂಖ್ಯೆಯವರು ಜೆಫರ್ಸನ್, ಸಮ ಸಂಖ್ಯೆಯವರು ಹ್ಯಾಮಿಲ್ಟನ್. ಗೊಣಗಿದರು. ಆ ಹುಡುಗಿಗೆ ಬ್ಯಾಂಕಿನ ಪರ ಮಾತಾಡುವ ಸರದಿ. ಎದ್ದಳು. ಮೊದಲು ತಡವರಿಸಿದಳು, ಆಮೇಲೆ ತನ್ನ ತಂದೆಯ ಕಾರ್ಖಾನೆಗೆ ಸಾಲ ಸಿಗದ ವರ್ಷದ ಕಥೆ ಹೇಳಿ ಹ್ಯಾಮಿಲ್ಟನ್‌ನನ್ನು ಎಷ್ಟು ಚೆನ್ನಾಗಿ ಸಮರ್ಥಿಸಿದಳೆಂದರೆ, ಎದುರು ಕಡೆಯಿಂದ ಆ ಹುಡುಗನೇ “ಪಾಯಿಂಟ್ ಇದೆ” ಎಂದ. ಕ್ಷಮೆ ಕೇಳಿದನೋ ಇಲ್ಲವೋ ನಾನು ವಿಚಾರಿಸಲಿಲ್ಲ. ಸಂಜೆ ಬಸ್ಸಿನ ಕಿಟಕಿಯಲ್ಲಿ ಇಬ್ಬರೂ ಒಂದೇ ಪ್ಯಾಕೆಟ್ಟಿನಿಂದ ಖಾಖ್ರಾ ತಿನ್ನುತ್ತಿದ್ದರು.

ಕೊನೆಯ ಪಾಠ 1801. ಜೆಫರ್ಸನ್ ಮತ್ತು ಅವರದೇ ಕಡೆಯ ಆರನ್ ಬರ್‌ಗೆ ತಲಾ 73 ಮತ ಬಂದು, ತೀರ್ಮಾನ ಕೆಳಮನೆಗೆ ಹೋಯಿತು. ಫೆಬ್ರುವರಿ 11ರಿಂದ ಏಳು ದಿನ, 36 ಸುತ್ತು ಮತದಾನ. ಮೇರಿಲ್ಯಾಂಡ್‌ನ ಜೋಸೆಫ್ ನಿಕಲ್ಸನ್ ಎಂಬ ಸದಸ್ಯರಿಗೆ ವಿಪರೀತ ಜ್ವರ; ಹಿಮದಲ್ಲಿ ಹೊತ್ತು ತಂದು ಪಕ್ಕದ ಕೋಣೆಯಲ್ಲಿ ಮಲಗಿಸಿದರು, ಹೆಂಡತಿ ಜೊತೆಗಿದ್ದು ಆರೈಕೆ ಮಾಡಿದರು, ಅವರು ಮಲಗಿದಲ್ಲಿಂದಲೇ ಮತ ಹಾಕಿದರು. ಕೊನೆಗೆ ಕೆಲವು ಫೆಡರಲಿಸ್ಟರು ಖಾಲಿ ಚೀಟಿ ಹಾಕಿ ದಾರಿ ಬಿಟ್ಟರು. ಮಾರ್ಚ್ 4ರ ಬೆಳಗಿನ ಜಾವ ನಾಲ್ಕಕ್ಕೆ ಸೋತ ಆ್ಯಡಮ್ಸ್ ಯಾರಿಗೂ ಹೇಳದೆ ಗಾಡಿ ಹತ್ತಿ ಊರಿಗೆ ಹೊರಟರು. ಸಮಾರಂಭಕ್ಕೆ ನಿಲ್ಲಲಿಲ್ಲ. ಆದರೆ ಹೋದರು, ಸೈನ್ಯ ಕರೆಯಲಿಲ್ಲ. ನನ್ನ ಮಟ್ಟಿಗೆ ಅಮೆರಿಕದಲ್ಲಿ ಪಕ್ಷ ಎಂಬುದು ಹುಟ್ಟಿದ್ದು ಆ ಮುಂಜಾನೆ. ಅದಕ್ಕೆ ಮುಂಚೆ ಇದ್ದದ್ದು ನಮ್ಮೂರಿನ ಪಾರ್ಟಿ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿದ್ದೆ. ಮಳೆ, ಬೆಳೆ, ಬಿಪಿ ಮಾತ್ರೆ ಎಲ್ಲ ಆದ ಮೇಲೆ, ಇವತ್ತೇನು ಪಾಠ ಮಾಡ್ದೆ ಎಂದು ಕೇಳಿದರು. ಹೇಳಿದೆ. ಆ್ಯಡಮ್ಸ್, ಜೆಫರ್ಸನ್ ಹನ್ನೊಂದು ವರ್ಷ ಸರಿಯಾಗಿ ಮಾತಾಡಿರಲಿಲ್ಲ. 1812ರ ಹೊಸ ವರ್ಷದ ದಿನ ಒಬ್ಬರು ಇನ್ನೊಬ್ಬರಿಗೆ ಪತ್ರ ಬರೆದರು. ಆಮೇಲೆ ಹದಿನಾಲ್ಕು ವರ್ಷ ನೂರಕ್ಕೂ ಹೆಚ್ಚು ಪತ್ರ. 1826ರ ಜುಲೈ 4ರಂದು ಇಬ್ಬರೂ ಒಂದೇ ದಿನ ತೀರಿಕೊಂಡರು ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಮೊದ್ಲು ಕಾಗ್ದ ಬರ್ದೋರು ಯಾರ್ಲಾ?”

“ಆ್ಯಡಮ್ಸು ಅಪ್ಪ. ಸೋತಿದ್ನಲ್ಲ, ಅವ್ನು.”

“ಸೋತೋನಾ?”

“ಹೂಂ.”

“ಸರಿ ಬುಡು. ಕರೆಂಟ್ ಬಂತು, ಮೋಟ್ರು ಹಾಕ್ಬೇಕು” ಎಂದು ಫೋನ್ ಇಟ್ಟರು.